ನಾಲ್ಕು ಮಂದಿಯ ಮುಂದೆ

ಉಮರ್ಗಾ
೧೧ ಜೂನ್ ೨೦೨೪

ಉದಗೀರದ ಹೊಸ ಶಿಫ್ಟ್ ಇನ್‌ಚಾರ್ಜ್ ಸ್ವಪ್ನಾಲಿ ಮೇಡಂ ಅವರಿಗೆ, ಕೋಳಿ ಕರಿಯುವ ಅದೇ ಹಳೆಯ ಫ್ರೈಯರಿನ ಮುಂದೆ ನಿಂತ ಸಾರಿಕಾಳ ನಮಸ್ಕಾರಗಳು.

ಸಿಟ್ಟಾಗಬೇಡ, ಚೇಷ್ಟೆ ಮಾಡಿದೆ. ನೀನು ಹೋದ ಮೇಲೆ ಚೇಷ್ಟೆ ಮಾಡುವುದಕ್ಕೂ ಇಲ್ಲಿ ಯಾರೂ ಉಳಿದಿಲ್ಲ. ರೂಮಿನಲ್ಲಿ ನಿನ್ನ ಹಾಸಿಗೆ ಇದ್ದ ಕಡೆ ನನ್ನ ಟ್ರಂಕು ಎಳೆದಿಟ್ಟಿದ್ದೇನೆ. ಖಾಲಿ ನೆಲ ನೋಡಿದರೆ ಸುಮ್ಮಸುಮ್ಮನೆ ಕೋಪ ಬರುತ್ತಿತ್ತು.

ಈ ಕಾಲದಲ್ಲಿ ಪತ್ರವೇ ಎಂದು ನಗುತ್ತೀ, ಗೊತ್ತು. ಕೆಲಸದ ಹೊತ್ತಿನಲ್ಲಿ ನಮ್ಮಿಬ್ಬರ ಫೋನೂ ಲಾಕರಿನಲ್ಲಿ. ಕೆಲಸ ಬಿಟ್ಟ ಮೇಲೆ ನಿನ್ನ ಫೋನು ನಿನ್ನ ಸೋದರತ್ತೆ ಗುರುಬಾಯಿಯವರ ಕೈಯಲ್ಲಿ. ಅವರು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ, ಮೆಸೇಜು ಬಂದರೆ ಮಕ್ಕಳ ಹತ್ತಿರ ಓದಿಸುತ್ತಾರೆ. ಕಾಗದದ ಮೇಲೆ ಕನ್ನಡ ಬರೆದರೆ ಆ ಭಯವಿಲ್ಲ. ನಿಮ್ಮತ್ತೆಯ ಮಕ್ಕಳೂ ಮರಾಠಿ ಶಾಲೆಯವರು, ಎರಡೂ ಅಂಗಡಿಯ ಹುಡುಗಿಯರೂ ಮರಾಠಿ ಶಾಲೆಯವರು. ಕಾಸಾರಶಿರಸಿಯಲ್ಲಿ ಏಳನೆಯ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಲಿತ ಕನ್ನಡ ಈಗ ಕೆಲಸಕ್ಕೆ ಬಂತು. ಥಂಡಿ ಗಾಡಿಯ ಋಷಿಕೇಶ ಪ್ರತಿ ಮಂಗಳವಾರ ಸೋಲಾಪುರದಿಂದ ಮಾಲು ತಂದು ಇಲ್ಲಿ ಇಳಿಸಿ ನಿಮ್ಮಲ್ಲಿಗೆ ಬರುತ್ತಾನಲ್ಲ, ಇದನ್ನು ಅವನ ಕೈಯಲ್ಲಿ ಕೊಡುತ್ತೇನೆ. ಉತ್ತರವನ್ನು ನೀನೂ ಅವನ ಕೈಯಲ್ಲೇ ಕೊಡು.

ನಿನಗೆ ಇನ್‌ಚಾರ್ಜ್ ಸಿಕ್ಕಿದ್ದು ನನಗೆ ಸಂತೋಷ. ನಿಜವಾಗಿ ಸಂತೋಷ. ಆದರೂ ಒಂದು ಮಾತು ಬರೆದೇ ಬಿಡುತ್ತೇನೆ, ಬರೆಯದಿದ್ದರೆ ಉಂಡ ಅನ್ನ ಜೀರ್ಣವಾಗದು. ನನಗೆ ಇಲ್ಲಿ ಮೂರು ವರ್ಷ, ನಿನಗೆ ಎರಡು. ಎಣ್ಣೆಗೆ ಬುಟ್ಟಿ ಇಳಿಸುವಾಗ ಮೈಯಿಂದ ಆಚೆಗೆ ಬಾಗಿಸಬೇಕು ಎಂದು ನಿನಗೆ ಕಲಿಸಿದವಳು ಯಾರು? ಮೊದಲ ದಿನ ಹಸಿ ಕೋಳಿಯ ವಾಸನೆಗೆ ನೀನು ಹಿಂದಕ್ಕೆ ಓಡಿ ವಾಂತಿ ಮಾಡಿಕೊಂಡಾಗ, ಅವಳಿಗೆ ಬಿಸಿಲು ತಾಗಿದೆ ಎಂದು ಸುಳ್ಳು ಹೇಳಿ ಉಳಿಸಿದವಳು ಯಾರು? ಈ ಕಡೆಯ ಅಂಗಡಿಗಳಿಗೆಲ್ಲ ದೊಡ್ಡವರಾದ ಸ್ನೇಹಲ ಮೇಡಂ, ಸಾರಿಕಾಳ ಕೈ ಚೆನ್ನ, ಸ್ವಪ್ನಾಲಿಯ ಬಾಯಿ ಚೆನ್ನ, ಇನ್‌ಚಾರ್ಜ್‌ಗೆ ಬಾಯಿಯೇ ಬೇಕು ಎಂದರಂತೆ. ಅಂದರೆ ನನ್ನ ಬಾಯಿ ಕೆಟ್ಟದ್ದು. ಕಾಂಬೊ ಪೂರ್ತಿ ತಿಂದು ಕೋಳಿ ಅರ್ಧ ಹಸಿ ಇತ್ತು ಎಂದು ಜಗಳಕ್ಕೆ ಬಂದವನಿಗೆ, ಮೂಳೆ ಯಾಕೆ ಉಳಿಸಿದಿರಿ ಎಂದು ಕೇಳಿದ್ದೆನಲ್ಲ, ಅದನ್ನು ಇನ್ನೂ ನೆನಪಿಟ್ಟಿದ್ದಾರೆ.

ನಿನ್ನ ಗುಟ್ಟಿನ ಚಿಂತೆ ಬೇಡ. ನಿಮ್ಮದು ಲಿಂಗ ಕಟ್ಟಿದ ಮನೆ. ನಿಮ್ಮಪ್ಪ ಕಲ್ಯಾಣಪ್ಪ ಕಾಕಾ ನಿನ್ನನ್ನು ಕೆಲಸಕ್ಕೆ ಬಿಟ್ಟದ್ದು ಒಂದೇ ಕರಾರಿನ ಮೇಲೆ: ಬಟಾಟೆ, ಪನೀರು ಕರಿಯುವ ಹಸಿರು ಕಡೆ ಮಾತ್ರ ನಿಲ್ಲಬೇಕು, ಕೋಳಿಯ ಕೆಂಪು ಕಡೆ ಕೈ ಇಡಬಾರದು. ಇಲ್ಲಿ ವಾರ ವಾರ ಎಲ್ಲರ ಕಡೆಯೂ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಎರಡು ವರ್ಷದಲ್ಲಿ ನೀನು ಎಷ್ಟು ಕೋಳಿ ಕರಿದಿದ್ದೀ ಎಂಬುದು ನನ್ನ ಹೊಟ್ಟೆಯಲ್ಲಿದೆ, ಅಲ್ಲೇ ಇರುತ್ತದೆ.

ನಿನ್ನ
ಸಾರಿಕಾ


ಉದಗೀರ
೨೫ ಜೂನ್ ೨೦೨೪

ಪ್ರೀತಿಯ ಸಾರಿಕಾ,

ನಿನ್ನ ಪತ್ರ ಸಿಕ್ಕಿತು. ಥಂಡಿ ಗಾಡಿಯಲ್ಲಿ ಒದ್ದೆಯಾಗಿ ಎರಡು ಸಾಲು ಅಳಿಸಿಹೋಗಿವೆ. ಅವೇ ಒಳ್ಳೆಯ ಸಾಲುಗಳಿರಬೇಕು ಎಂದುಕೊಂಡೆ, ಉಳಿದವುಗಳಲ್ಲಿ ಒಂದೂ ಒಳ್ಳೆಯದು ಸಿಗಲಿಲ್ಲ.

ಅಂಗಡಿ ತೆರೆದ ದಿನ ಸಾಲು ರಸ್ತೆಯವರೆಗೆ ಇತ್ತು. ತಿನ್ನಲು ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ಜಳಕೋಟದ ಒಬ್ಬ ಅಜ್ಜಿ ಹೊಳೆಯುವ ನೆಲ ಕಂಡು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಳು, ಹಾಕಿಕೊಳ್ಳಿರಿ ಎಂದರೂ ಕೇಳಲಿಲ್ಲ. ಕಾಲೇಜಿನವರು ಒಂದು ಕೋಲ್ಡ್ರಿಂಕಿಗೆ ನಾಲ್ಕು ಸ್ಟ್ರಾ ಇಟ್ಟು ಮಧ್ಯಾಹ್ನವೆಲ್ಲ ಕೂರುತ್ತಾರೆ. ಹುಟ್ಟುಹಬ್ಬದವರು ಬಂದರೆ ನಾವು ಒಂಬತ್ತೂ ಮಂದಿ ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಾಳೆ ತಟ್ಟಿ ಹಾಡಬೇಕು. ಸಂಜೆಯ ಹೊತ್ತಿಗೆ ನಕ್ಕು ನಕ್ಕು ಕೆನ್ನೆ ನೋಯುತ್ತದೆ. ಇದೆಲ್ಲದರಲ್ಲಿ ಖುಷಿಯೂ ಇದೆ, ಸುಳ್ಳೇಕೆ ಹೇಳಲಿ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಬೆಳಿಗ್ಗೆ ಶಟರು ಎತ್ತುವಾಗ ಒಂದು ಗಳಿಗೆ ಇಡೀ ಅಂಗಡಿ ನನ್ನದೇ ಅನ್ನಿಸುತ್ತದೆ.

ಕಷ್ಟ ಬೇರೆ ಇವೆ. ಇಬ್ಬರು ಹೆಂಗಸರು ನನಗಿಂತ ದೊಡ್ಡವರು. ನೆಲ ಒರೆಸಿರಿ ಎಂದರೆ, ನಿನ್ನೆ ಬಂದ ಸೊಸೆ ಅತ್ತೆಗೆ ಕೆಲಸ ಹೇಳಿದ ಹಾಗೆ ನೋಡುತ್ತಾರೆ. ನೀನಿದ್ದಿದ್ದರೆ ಒಂದೇ ಮಾತಿನಲ್ಲಿ ಸರಿ ಮಾಡುತ್ತಿದ್ದೆ. ಎಣ್ಣೆ ಕೆಟ್ಟಿದೆಯೋ ಎಂದು ಕಾಗದದ ಪಟ್ಟಿ ಅದ್ದಿ ನೋಡಬೇಕು, ನೀನಿದ್ದಿದ್ದರೆ ಮೂಸಿಯೇ ಹೇಳುತ್ತಿದ್ದೆ. ಇನ್‌ಚಾರ್ಜ್ ಆದವಳು ಗಂಟೆಗೊಂದು ಕೋಳಿ ತುಂಡು ಮುರಿದು ಒಳಗೆ ಬೆಂದಿದೆಯೋ ನೋಡಬೇಕು. ಮುರಿಯುತ್ತೇನೆ. ಆಮೇಲೆ ಕೈ ತೊಳೆದು, ಅಂಗಿ ಬದಲಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅತ್ತೆಯ ಮನೆಗೆ ಹೋಗುತ್ತೇನೆ. ಕೇಳಿದರೆ ಹಸಿರು ಕಡೆ ಎನ್ನುತ್ತೇನೆ. ಅಪ್ಪನ ಕಿವಿಗೆ ಬಿದ್ದರೆ ಅದೇ ಕೊನೆ, ಮನೆಯಿಂದ ಹೊರಗೆ ಕಾಲಿಡುವುದು ಮುಗಿಯಿತು. ನೀನಿದ್ದಿದ್ದರೆ ಈ ಭಯ ಅರ್ಧವಾಗುತ್ತಿತ್ತು.

ನಿನ್ನ
ಸ್ವಪ್ನಾಲಿ


ಉಮರ್ಗಾ
೧೬ ಜುಲೈ ೨೦೨೪

ಸ್ವಪ್ನಾ,

ನಿನ್ನ ಪತ್ರದಲ್ಲಿ ‘ನೀನಿದ್ದಿದ್ದರೆ’ ಎಂದು ಮೂರು ಸಲ ಇದೆ. ನಾನಲ್ಲಿ ಇದ್ದಿದ್ದರೆ ಇನ್‌ಚಾರ್ಜ್ ನಾನೇ ಆಗಿರುತ್ತಿದ್ದೆ, ನೀನು ಇಲ್ಲಿ ಬುಟ್ಟಿ ಇಳಿಸುತ್ತಿದ್ದೆ. ಅದನ್ನು ಯೋಚಿಸಿದ್ದೀಯಾ?

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ, ಕೈ ಸುಟ್ಟಿತ್ತು. ಹೈದರಾಬಾದಿಗೆ ಹೋಗುವ ಎರಡು ಬಸ್ಸಿನವರು ಒಮ್ಮೆಗೇ ಇಳಿದರು. ಮೂರು ಫ್ರೈಯರಿನ ಬಜರೂ ಒಟ್ಟಿಗೆ ಕೂಗಿದವು. ಅವಸರದಲ್ಲಿ ಬುಟ್ಟಿ ಎತ್ತುವಾಗ ಮಣಿಕಟ್ಟಿನ ಮೇಲೆ ಎಣ್ಣೆ ಬಿತ್ತು. ನೀರು ಬಿಟ್ಟುಕೊಂಡು, ಬಟ್ಟೆ ಸುತ್ತಿ, ಮತ್ತೆ ನಿಂತೆ. ಎರಡೂ ಬಸ್ಸಿನ ಆರ್ಡರು ಒಂದೂ ತಪ್ಪದೆ ಹೋಯಿತು. ಒಬ್ಬ ಡ್ರೈವರು ಕಿಟಕಿಯ ತನಕ ಬಂದು, ಇದನ್ನು ಕರಿದವರು ಯಾರು ಎಂದು ಕೇಳಿ, ನನ್ನ ಕಡೆ ಕೈ ಮುಗಿದು ಹೋದ. ಆ ದಿನವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾರನೆಯ ದಿನ ಸ್ನೇಹಲ ಮೇಡಂ ಬಂದರು. ಉದಗೀರಕ್ಕೆ ಹೋಗಿ ಸ್ವಪ್ನಾಲಿ ಅಂಗಡಿ ಹೇಗೆ ಇಟ್ಟಿದ್ದಾಳೆ ನೋಡಿರಿ ಎಂದು ಎಲ್ಲರ ಮುಂದೆ ಹೇಳಿದರು. ನನ್ನ ಕೈಯ ಪಟ್ಟಿ ಅವರಿಗೆ ಕಾಣಲೇ ಇಲ್ಲ.

ಅದೂ ಹೋಗಲಿ. ನಮ್ಮವ್ವ ಚಂಪಾಬಾಯಿ ಉದಗೀರದಲ್ಲಿ ನೆಂಟರ ಮನೆಗೆ ಹೋದವಳು ನಿನ್ನ ಅಂಗಡಿಗೆ ಬಂದಿದ್ದಳಂತೆ. ನೀನು ಮುಂದಿನ ಟೇಬಲ್ ಒರೆಸಿ ಕೂರಿಸಿದೆಯಂತೆ, ನೀನೇ ತಟ್ಟೆ ತಂದು ಕೊಟ್ಟೆಯಂತೆ, ಐಸ್‌ಕ್ರೀಮೂ ಕೊಟ್ಟೆಯಂತೆ. ಬಂದ ದಿನದಿಂದ ಕುರಿ ದೊಡ್ಡಿಯಲ್ಲೂ ಅದೇ ಮಾತು, ಬೀರಪ್ಪನ ಗುಡಿಯಲ್ಲೂ ಅದೇ ಮಾತು. ನಮ್ಮಪ್ಪ ಬಕ್ಕಪ್ಪನಿಗಂತೂ ಕೇಳಿ ಕೇಳಿ ಬಾಯಿಪಾಠವಾಗಿದೆ. ಮೂರು ವರ್ಷದಲ್ಲಿ ಅವಳು ನನ್ನ ಅಂಗಡಿಗೆ ಎಷ್ಟು ಸಲ ಬಂದಿಲ್ಲ? ಒಂದು ದಿನವೂ ಯಾರಿಗೂ ಹೇಳಿದವಳಲ್ಲ. ನಾನು ಹಿಂದೆ ಇರುತ್ತೇನೆ, ಅವಳಿಗೆ ಕಿಟಕಿಯಲ್ಲಿ ನನ್ನ ಟೋಪಿ ಮಾತ್ರ ಕಾಣುತ್ತದೆ.

ಇನ್‌ಚಾರ್ಜ್ ತೆಗೆದುಕೊಂಡೆ, ಮೇಡಂ ಬಾಯಿಯ ಹೊಗಳಿಕೆಯನ್ನೂ ನೀನೇ ತೆಗೆದುಕೊಂಡೆ. ನಮ್ಮವ್ವನನ್ನಾದರೂ ನನಗೆ ಬಿಡು.

ಸಾರಿಕಾ


ಉದಗೀರ
೩೦ ಜುಲೈ ೨೦೨೪

ಸಾರಿಕಾ,

ಚಂಪಾಬಾಯಿ ಮಾವಶಿ ಇಲ್ಲಿ ಕೂತಷ್ಟು ಹೊತ್ತು ನಿನ್ನ ಮಾತೇ ಆಡಿದರು. ನೀನು ನಂಬುವುದಿಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಕೈಗೆ ಮುಲಾಮು ಕಳಿಸಿದ್ದೇನೆ. ಋಷಿಕೇಶನಿಂದ ಮರೆಯದೆ ಇಸಿದುಕೋ.

ಒಂದು ಉಪಕಾರ ಮಾಡಬೇಕು. ಹೊಸ ಹುಡುಗಿಯರಿಗೆ ಕಲಿಸಲು ನಿನ್ನನ್ನು ಸೋಮವಾರ ಸೋಮವಾರ ನಿಲಂಗಾದ ಅಂಗಡಿಗೆ ಕಳಿಸುತ್ತಾರೆ ಎಂದು ಕೇಳಿದೆ. ಶ್ರಾವಣದಲ್ಲಿ ಅಪ್ಪ ಮತ್ತು ಅವರ ತಮ್ಮ ಪಂಡಿತ ಕಾಕಾ ನಮ್ಮ ಓಣಿಯವರ ಜೊತೆ ಪ್ರತಿ ಸೋಮವಾರ ನಿಲಂಗಾದ ಶಿವನ ಗುಡಿಗೆ ಬರುತ್ತಾರೆ. ತಿರುಗಿ ಹೋಗುವಾಗ ನೀವೆಲ್ಲ ಒಂದೇ ಬಸ್ಸಿನಲ್ಲಿರುತ್ತೀರಿ. ಈ ವರ್ಷ ನನಗೆ ರಜೆ ಸಿಗಲಿಲ್ಲ. ಅಪ್ಪ ಕಂಡರೆ, ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಚೆನ್ನಾಗಿದ್ದೇನೆ ಎಂದು ಹೇಳು. ಅವರು ಫೋನಿನಲ್ಲಿ ಏನೂ ಕೇಳುವುದಿಲ್ಲ. ಆದರೆ ಅವ್ವನ ಹಿಂದೆ ನಿಂತಿರುತ್ತಾರೆ, ಅವರ ಕೆಮ್ಮು ನನಗೆ ಕೇಳಿಸುತ್ತದೆ.

ನಿನ್ನ
ಸ್ವಪ್ನಾಲಿ


ಉಮರ್ಗಾ
೧೩ ಆಗಸ್ಟ್ ೨೦೨೪

ಸ್ವಪ್ನಾಲಿ,

ನಿನ್ನೆ ಒಂದು ಎಡವಟ್ಟಾಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಿಲಂಗಾದ ಅಂಗಡಿಗೆ ಹೋದಾಗ ಸ್ನೇಹಲ ಮೇಡಂ ಗೋಡೆಗೆ ಒಂದು ಫೋಟೋ ತೂಗುಹಾಕುತ್ತಿದ್ದರು. ‘ಈ ತಿಂಗಳ ನಗುಮುಖ’. ನಿನ್ನದು. ಎಲ್ಲ ಊರಿನ ಅಂಗಡಿಗಳಲ್ಲೂ ಹಾಕುತ್ತಾರಂತೆ. ಅವರು ಸ್ಟೂಲಿನ ಮೇಲೆ ನಿಂತಿದ್ದರು, ಸ್ಟೂಲು ಅಲುಗಾ­ಡದಂತೆ ಹಿಡಿದುಕೊಂಡವಳು ನಾನು. ಅಂದೇ ಸೇರಿದ ಹೊಸ ಹುಡುಗಿಯರು ನಮಗೆ ಕಲಿಸುವ ಮೇಡಂ ಇವರೇ ಏನು ಎಂದು ಫೋಟೋ ತೋರಿಸಿ ನನ್ನನ್ನೇ ಕೇಳಿದರು. ಇಡೀ ದಿನ ಆ ಗೋಡೆಯ ಕೆಳಗೆ ನಿಂತು ಕಲಿಸಿದೆ.

ಸಂಜೆ ಬಸ್ಸಿನಲ್ಲಿ ನಿಮ್ಮಪ್ಪ ಇದ್ದರು, ಪಂಡಿತ ಕಾಕಾ ಇದ್ದರು, ನಿಮ್ಮ ಓಣಿಯ ಏಳೆಂಟು ಮಂದಿ ಇದ್ದರು. ಎಲ್ಲರದೂ ಉಪವಾಸ, ಹಣೆಯ ತುಂಬ ವಿಭೂತಿ. ನಿಮ್ಮಪ್ಪ ಸರಿದು ನನಗೆ ಜಾಗ ಕೊಟ್ಟರು. ನಮ್ಮ ಸ್ವಪ್ನಾ ಹೊಟ್ಟೆ ತುಂಬ ಉಣ್ಣುತ್ತಾಳೇನವ್ವಾ ಎಂದು ಕೇಳಿದರು. ಅಷ್ಟೇ ಕೇಳಿದ್ದು.

ನಾನು ಹೇಳಿದೆ: “ಉಣ್ತಾಳ್ರೀ ಕಾಕಾ. ಮೊದಲ ಕೋಳಿ ವಾಸನಿಗಿ ಓಕರಿಸ್ತಿದ್ದಳು. ಈಗ ಕೈಲೆ ಮುಟ್ಟಿ ಕರೀತಾಳ, ಏನೂ ಆಗಂಗಿಲ್ಲ.”

ಬಾಯಿ ತಪ್ಪಿ ಬಂದುಬಿಟ್ಟಿತು. ಬಸ್ಸಿನ ಗದ್ದಲದಲ್ಲಿ ಯಾರಿಗೂ ಕೇಳಿಸದು ಎಂದುಕೊಂಡೆ. ಆದರೆ ಪಂಡಿತ ಕಾಕಾ ಮುಂದಿನ ಸೀಟಿನಿಂದ ಪೂರ್ತಿ ತಿರುಗಿ, ಏನಂದಿ, ಇನ್ನೊಮ್ಮೆ ಹೇಳು ಎಂದರು. ಓಣಿಯವರೆಲ್ಲ ನನ್ನ ಕಡೆ ನೋಡಿದರು. ನಿಮ್ಮಪ್ಪ ಮಾತ್ರ ನೋಡಲಿಲ್ಲ. ಕಾಸಾರಶಿರಸಿ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು.

ದಣಿದಿದ್ದೆ, ತಲೆ ನೋಯುತ್ತಿತ್ತು. ಬೇಕೆಂದು ಅಂದದ್ದಲ್ಲ. ಉತ್ತರ ಬರೆ.

ಸಾರಿಕಾ


ಉಮರ್ಗಾ
೩ ಸೆಪ್ಟೆಂಬರ್ ೨೦೨೪

ಸ್ವಪ್ನಾ,

ಮೂರು ಮಂಗಳವಾರ ಋಷಿಕೇಶ ಬರಿಗೈಯಲ್ಲಿ ಬಂದ. ನಿನ್ನ ಅಪ್ಪ ಮತ್ತು ಕಾಕಾ ಬಂದು ನಿನ್ನನ್ನು ಕರೆದುಕೊಂಡು ಹೋದರು ಎಂದು ಅವನೇ ಹೇಳಿದ. ಈ ಪತ್ರ ಅವ್ವನ ಹತ್ತಿರ ಕೊಡುತ್ತಿದ್ದೇನೆ. ನೀನು ಹಿಟ್ಟು ಬೀಸಿಸಲು ಗಿರಣಿಗೆ ಬಂದಾಗ ಕೊಡುತ್ತಾಳೆ. ಏನು ಬರೆದಿದೆ ಎಂದು ಅವಳಿಗೆ ತಿಳಿಯದು, ಅವಳಿಗೆ ಓದು ಬರುವುದಿಲ್ಲ.

ಸ್ನೇಹಲ ಮೇಡಂ ನನ್ನನ್ನು ಕರೆದು ಉದಗೀರದ ಇನ್‌ಚಾರ್ಜ್ ನೀನೇ ಆಗು ಎಂದರು. ಹೂಂ ಎಂದೆ. ಬೇಡ ಎನ್ನುವುದಕ್ಕೆ ಬಾಯಿ ತೆರೆದಿದ್ದೆ, ಹೂಂ ಎಂದೇ ಬಂತು. ನಾನು ಒಲ್ಲೆ ಎಂದರೂ ಅದು ನಿನಗೆ ತಿರುಗಿ ಸಿಗುತ್ತಿರಲಿಲ್ಲ, ಬೇರೆ ಯಾರಿಗೋ ಹೋಗುತ್ತಿತ್ತು. ಹೀಗೆಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಬೈಯುವುದಿದ್ದರೂ ಬರೆ.

ಸಾರಿಕಾ


ಉದಗೀರ
೨೪ ಸೆಪ್ಟೆಂಬರ್ ೨೦೨೪

ಸ್ವಪ್ನಾ,

ನೀನು ಉತ್ತರ ಕೊಡುವುದಿಲ್ಲ, ಆದರೂ ಬರೆಯುತ್ತೇನೆ.

ಇನ್‌ಚಾರ್ಜ್‌ನವರ ಕಪ್ಪು ಅಂಗಿ ನಿನ್ನದೇ ಕೊಟ್ಟರು. ಅಳತೆ ಸರಿಯಾಯಿತು. ಮೊದಲ ವಾರ ಎಷ್ಟು ಹಿಗ್ಗಿದ್ದೆ ಎಂದರೆ, ಕೆಲಸ ಬಿಟ್ಟ ಮೇಲೂ ಅದನ್ನು ಹಾಕಿಕೊಂಡೇ ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆ. ನನ್ನನ್ನು ಕಂಡು ಯಾರೋ ಮೇಡಂ ಎಂದರು. ಮೂರು ವರ್ಷ ಅದಕ್ಕಾಗಿ ಕಾದಿದ್ದೆ.

ಎರಡನೆಯ ವಾರ ಹುಡುಗಿಯರ ಗೊಣಗಾಟ ಶುರುವಾಯಿತು. ಸ್ವಪ್ನಾಲಿ ಮೇಡಂ ರಜೆ ಕೇಳಿದರೆ ಹೀಗೆ ಮುಖ ಮಾಡುತ್ತಿರಲಿಲ್ಲ. ಸ್ವಪ್ನಾಲಿ ಮೇಡಂ ತಾವೂ ಕಸಬರಿಗೆ ಹಿಡಿಯುತ್ತಿದ್ದರು. ಗಿರಾಕಿಗಳೂ ಅದನ್ನೇ ಕೇಳುತ್ತಾರೆ, ಆ ನಗುವ ಹುಡುಗಿ ಎಲ್ಲಿ? ನೀನು ಇದ್ದಾಗಲೂ ನಿನ್ನ ಮೇಲೆ ಹೊಟ್ಟೆಕಿಚ್ಚು, ನೀನು ಹೋದ ಮೇಲೂ ನಿನ್ನ ಮೇಲೆ ಹೊಟ್ಟೆಕಿಚ್ಚು. ಮೊನ್ನೆ ಒಬ್ಬ ಹೆಂಗಸು ಸಾಸ್ ಕಡಿಮೆಯಾಯಿತು ಎಂದಾಗ ಜಗಳವಾಡಿಬಿಟ್ಟೆ. ಇದು ಮೂರನೆಯ ದೂರು.

ಇನ್ನು ನಿಜ ಬರೆಯುತ್ತೇನೆ. ಬಸ್ಸಿನಲ್ಲಿ ಬಾಯಿ ತಪ್ಪಲಿಲ್ಲ. ನಿಮ್ಮಪ್ಪ ಜಾಗ ಕೊಟ್ಟಾಗಲೇ ಏನು ಹೇಳುತ್ತೇನೆಂದು ಗೊತ್ತಿತ್ತು. ಎಲ್ಲರಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಹೇಳುವಾಗ ಒಂದು ಕ್ಷಣ ಸುಖವೂ ಆಯಿತು. ಬೇರೆಯವರ ಮುಂದೆ ಇದನ್ನು ಎಂದೂ ಒಪ್ಪಿಕೊಳ್ಳುವವಳಲ್ಲ. ನಿನ್ನೊಬ್ಬಳ ಮುಂದೆ ಒಪ್ಪಿಕೊಂಡಿದ್ದೇನೆ.

ಸಾರಿಕಾ


ಕಾಸಾರಶಿರಸಿ
೪ ಅಕ್ಟೋಬರ್ ೨೦೨೪

ಸಾರಿಕಾ,

ಇದು ನನ್ನ ಕೊನೆಯ ಪತ್ರ. ಚಂಪಾಬಾಯಿ ಮಾವಶಿಯ ಕೈಯಲ್ಲಿ ಕೊಟ್ಟಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬಾಯಿ ತಪ್ಪಲಿಲ್ಲ ಎಂಬುದು ಬಸ್ಸಿನ ಸಂಗತಿ ಬರೆದ ನಿನ್ನ ಮೊದಲ ಪತ್ರ ಓದಿದಾಗಲೇ ತಿಳಿದಿತ್ತು. ಒಂದೇ ಬೆಂಚಿನವಳು ನಾನು. ನಿನಗೆ ತಿಳಿಯದ್ದು ಬೇರೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಮತ್ತು ಕಾಕಾ ಉದಗೀರಕ್ಕೆ ಬಂದು ಅಂಗಡಿಯ ಒಳಗೆ ಕಾಲಿಡದೆ ರಸ್ತೆಯಲ್ಲೇ ನಿಂತರು. ನಾನು ಬೀಗದ ಕೈ ಕೊಟ್ಟು ಹೊರಟೆ. ಬಸ್ಸಿನಲ್ಲಿ ಕಾಕಾ ಮುಂದೆ ಕೂತಿದ್ದರು. ಅಪ್ಪ ನನ್ನ ಪಕ್ಕದಲ್ಲಿ. ಮೆಲ್ಲಗೆ ಹೇಳಿದರು: “ನಾ ಹೋದ ವರ್ಷನೇ ನೋಡೀನಿ. ತೊಗರಿ ಮಾರ್ಕೆಟಿಗಿ ಹಾಕ್ಲಾಕ ಉಮರ್ಗಾಕ್ಕ ಬಂದಾಗ ರಸ್ತೆ ಆ ಕಡಿ ನಿಂತಿದ್ದೆ. ಕರಿಯೋ ಖೋಲಿ ಕಾಚಿನ ಕಿಡಕ್ಯಾಗಿಂದ ಎಲ್ಲಾ ಕಾಣಸ್ತಿತ್ತು. ನೀ ಹೇಳಲಿಲ್ಲ, ನಾ ಕೇಳಲಿಲ್ಲ. ಹಂಗೇ ನಡೀತಿತ್ತು. ಈಗ ನಾಕ ಮಂದಿ ಕೇಳ್ಯಾರ.”

ಒಂದು ವರ್ಷ, ಸಾರಿಕಾ. ಕಣ್ಣಿನಿಂದ ನೋಡಿಯೂ ಒಂದು ವರ್ಷ ಸುಮ್ಮನಿದ್ದರು. ಅವ್ವನಿಗೂ ಹೇಳಿರಲಿಲ್ಲ. ಅವರೊಬ್ಬರಿಗೇ ಗೊತ್ತಿರುವ ತನಕ ನನ್ನ ಕೆಲಸ ಉಳಿದಿತ್ತು. ನೀನು ಓಣಿಯವರ ಮುಂದೆ ಹೇಳಿದೆ, ಅದೂ ಶ್ರಾವಣ ಸೋಮವಾರ, ಅದೂ ಕಾಕಾನ ಕಿವಿಗೆ. ಆ ಮೇಲೆ ಗೊತ್ತಿಲ್ಲ ಎನ್ನುವುದಕ್ಕೆ ಅಪ್ಪನಿಗೆ ದಾರಿಯೇ ಉಳಿಯಲಿಲ್ಲ.

ನಿನಗೆ ಮಾತ್ರ ಹೊಟ್ಟೆಕಿಚ್ಚು ಇತ್ತು ಎಂದು ತಿಳಿಯಬೇಡ. ನನಗೂ ಎರಡು ವರ್ಷದಿಂದ ನಿನ್ನ ಮೇಲಿತ್ತು. ನಿನ್ನವ್ವ ಅಂಗಡಿಗೆ ಬಂದು ಮುಂದಿನ ಟೇಬಲಿನಲ್ಲಿ ಕೂತು, ನಿನ್ನ ಕೈಯಿಂದ ಬಂದದ್ದನ್ನು ಬೆರಳು ಚೀಪಿ ತಿನ್ನುತ್ತಾರೆ. ನನ್ನವ್ವ ಸರುಬಾಯಿ ನಾನು ಕೆಲಸ ಮಾಡುವ ಜಾಗವನ್ನು ಒಮ್ಮೆಯೂ ನೋಡಿಲ್ಲ. ರಜೆ ಸಿಕ್ಕಾಗ ನೀನು ಎಣ್ಣೆ ವಾಸನೆಯ ಅಂಗಿಯಲ್ಲೇ ಮನೆಗೆ ಹೋಗಿ ಉಣ್ಣಲು ಕೂರುತ್ತೀ. ನಾನು ಎರಡು ಸಲ ಸೀಗೆಕಾಯಿ ಹಾಕಿ ತಲೆ ತೊಳೆದುಕೊಳ್ಳುತ್ತಿದ್ದೆ. ನಿನ್ನ ಮನೆಗೆ ನೀನು ಒಂದು ಸುಳ್ಳನ್ನೂ ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ. ಅದಕ್ಕೆ ನನಗೆ ಎಷ್ಟು ಉರಿಯುತ್ತಿತ್ತು ಗೊತ್ತೇ? ಆದರೆ ಅದನ್ನು ನಾನು ಬಸ್ಸಿನಲ್ಲಿ ಹೇಳಲಿಲ್ಲ.

ಕಾಕಾ ಔರಾದ ಶಹಾಜನಿಯಿಂದ ಒಂದು ಸಂಬಂಧ ತಂದಿದ್ದಾರೆ. ದೀಪಾವಳಿ ಆದ ಮೇಲೆ ನೋಡಲು ಬರುತ್ತಾರೆ. ನನ್ನನ್ನು ಯಾರೂ ಏನೂ ಕೇಳಿಲ್ಲ. ಇನ್ನು ಬರೆಯಬೇಡ.

ಸ್ವಪ್ನಾಲಿ


ಉಮರ್ಗಾ
೨೩ ಅಕ್ಟೋಬರ್ ೨೦೨೪

ಸ್ವಪ್ನಾ,

ಬರೆಯಬೇಡ ಎಂದಿದ್ದೀ, ಬರೆಯುತ್ತಿದ್ದೇನೆ. ನನ್ನ ಮಾತು ಕೇಳುವ ಅಭ್ಯಾಸ ನಿನಗೆಷ್ಟಿತ್ತೋ, ನಿನ್ನ ಮಾತು ಕೇಳುವ ಅಭ್ಯಾಸ ನನಗೂ ಅಷ್ಟೇ ಇದೆ.

ನಿನ್ನ ಪತ್ರ ಓದಿದ ಮೇಲೆ ಸ್ನೇಹಲ ಮೇಡಂಗೆ ಫೋನು ಮಾಡಿ, ನನಗೆ ಉದಗೀರ ಬೇಡ, ಸ್ವಪ್ನಾಲಿಯನ್ನು ಕರೆಸಿಕೊಳ್ಳಿರಿ ಎಂದೆ. ಇನ್‌ಚಾರ್ಜ್ ಎಂದರೆ ಎಸ್ಟಿ ಬಸ್ಸಿನ ಸೀಟು ಎಂದುಕೊಂಡಿದ್ದೀಯಾ, ಕಿಟಕಿಯಿಂದ ಟವೆಲು ಹಾಕಿ ಇನ್ನೊಬ್ಬರಿಗೆ ಹಿಡಿದಿಡುವುದಕ್ಕೆ ಎಂದು ಬೈದರು. ಆಮೇಲೆ ನನ್ನ ಮೂರು ದೂರುಗಳನ್ನು ಓದಿ ಹೇಳಿದರು. ಆಮೇಲೆ, ಅವಳು ಬರುವುದಾದರೆ ನಾಳೆಯೇ ಬರಲಿ ಎಂದರು. ಅಲ್ಲಿಯ ಎಂಟೂ ಮಂದಿ ಚಪ್ಪಾಳೆ ತಟ್ಟಿದರು. ನನಗೆ ಕೇಳಿಸದ ಹಾಗೆ ತಟ್ಟಬಹುದಿತ್ತು.

ಅದು ಸುಲಭದ ಭಾಗ. ಕಷ್ಟದ್ದು ನಿನ್ನೆ ಊರಿನ ಸಂತೆಯಲ್ಲಿ ಆಯಿತು. ಮನೆಯಲ್ಲಿ ನಿನಗೆ ಯಾರು ಎಷ್ಟು ಹೇಳಿದ್ದಾರೋ ಗೊತ್ತಿಲ್ಲ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಗಿರಣಿಯ ಎದುರಿನ ಚಹಾದ ಅಂಗಡಿಯಲ್ಲಿ ನಿಮ್ಮಪ್ಪ, ಪಂಡಿತ ಕಾಕಾ, ಮತ್ತೆ ಆ ದಿನ ಬಸ್ಸಿನಲ್ಲಿದ್ದವರಲ್ಲಿ ಮೂವರು ಕೂತಿದ್ದರು. ನಾನು ಅವರ ಮುಂದೆ ಹೋಗಿ ನಿಂತೆ. ಬಸ್ಸಿನಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಬೇಕೆಂದು ಮನಸ್ಸು ಮಾಡಿಕೊಂಡು ಹೋಗಿದ್ದೆ.

“ಶ್ರಾವಣದಾಗ ಬಸ್ಸಿನಾಗ ನಾ ಸ್ವಪ್ನಾನ ಮ್ಯಾಲ ಸುಳ್ಳ ಹೇಳೀನ್ರೀ. ಅಕಿಗಿ ಇನ್‌ಚಾರ್ಜ್ ಮಾಡಿದ್ದಕ್ಕ ನನಗ ಹೊಟ್ಟಿಕಿಚ್ಚ ಆಗಿತ್ತು. ಅಕಿ ಹಸಿರ ಕಡಿ ಬಿಟ್ಟ ಎಲ್ಲೂ ನಿಂತಿಲ್ಲ. ಕೋಳಿ ಕರಿಯಾಕಿ ನಾನೇ.”

ಸಂತೆಯ ಮಂದಿ ನಿಂತು ನೋಡತೊಡಗಿದರು. ಪಂಡಿತ ಕಾಕಾ ನನ್ನ ವಂಶವನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡು ಬೈದರು. ನಮ್ಮವ್ವ ತರಕಾರಿ ಕೊಳ್ಳುತ್ತಿದ್ದವಳು ಚೀಲ ಹಿಡಿದು ಅಲ್ಲೇ ನಿಂತಿದ್ದಳು, ಅವಳೂ ಕೇಳಿದಳು. ಬೈದು ಮುಗಿದ ಮೇಲೆ ಕಾಕಾ ಒಂದು ಪ್ರಶ್ನೆ ಹಾಕಿದರು: ಅಂದು ಹೇಳಿದ್ದು ಸುಳ್ಳಾದರೆ ಇಂದು ಹೇಳುವುದು ಸುಳ್ಳಲ್ಲ ಎಂದು ನಂಬುವುದು ಹೇಗೆ? ನಿನ್ನ ಗೆಳತಿಯ ಮೇಲೆ ಈಗ ಕನಿಕರ ಬಂದು ಕತೆ ಕಟ್ಟುತ್ತಿದ್ದೀ ಎಂದರು.

ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲರೂ ನಿಮ್ಮಪ್ಪನ ಮುಖ ನೋಡಿದರು. ನಾನೂ ನೋಡಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆ ಗುಂಪಿನಲ್ಲಿ ಗೊತ್ತಿದ್ದವರು ಅವರೊಬ್ಬರೇ. ಅವರು ಸುಮ್ಮನೆ ಎದ್ದು ಹೋಗಿದ್ದರೂ ನಿನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಅವರು ಬಶಿಯಲ್ಲಿ ಉಳಿದ ಚಹಾ ಕುಡಿದು ಕಪ್ಪು-ಬಶಿ ಎರಡನ್ನೂ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ. ತಮ್ಮನ ಕಡೆ ನೋಡಿ ಹೇಳಿದರು: “ಪಂಡಿತಾ, ಹೋದ ವರ್ಷ ತೊಗರಿ ಹಾಕ್ಲಾಕ ಹೋದಾಗ ನಾ ಕಣ್ಣಾರೆ ನೋಡೀನಿ. ಕಾಚಿನಾಗಿಂದ ಕಾಣಸ್ತಿತ್ತು. ಅಕಿ ಬಟಾಟಿ ಕರೀತಿದ್ದಳು.”

ಕಲ್ಯಾಣಪ್ಪ ಕಣ್ಣಾರೆ ನೋಡಿದೆ ಎಂದ ಮೇಲೆ ನಮ್ಮೂರಲ್ಲಿ ಕೇಳುವವರು ಯಾರು? ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ಎಂದೇ ನಾಲ್ಕೂರಿನ ಜಗಳಕ್ಕೆ ಸಾಕ್ಷಿ ಕರೆಯುವುದು ಅವರನ್ನು. ಹಣೆಯ ಮೇಲಿನ ವಿಭೂತಿ ಇನ್ನೂ ಆರಿರಲಿಲ್ಲ. ಸುಳ್ಳು ಹೇಳಿ, ಎದ್ದು, ಟೋಪಿ ಸರಿ ಮಾಡಿಕೊಂಡು ಮನೆ ಕಡೆ ನಡೆದರು.

ನೀನು ಸೋಮವಾರ ಉದಗೀರಕ್ಕೆ ಹೋಗು. ಕಪ್ಪು ಅಂಗಿಯನ್ನು ಒಗೆದು ಅಲ್ಲೇ ಇಟ್ಟು ಬಂದಿದ್ದೇನೆ. ನಾನು ಮತ್ತೆ ಇಲ್ಲಿ ಫ್ರೈಯರಿನ ಮುಂದೆ ನಿಂತಿದ್ದೇನೆ. ಊರಲ್ಲಿ ನನ್ನನ್ನು ಸುಳ್ಳುಬುರುಕಿ ಎನ್ನುತ್ತಿದ್ದಾರೆ, ಅವ್ವ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಉಪಕಾರವಾಯಿತು ಎಂದು ನೀನು ನನಗೆ ಹೇಳಬೇಡ, ನಾನೇ ಹಾಕಿದ ಗಂಟನ್ನು ಬಿಚ್ಚಿದೆನಷ್ಟೆ.

ಇನ್‌ಚಾರ್ಜ್ ಕೆಲಸದ ಮೇಲಿನ ಹೊಟ್ಟೆಕಿಚ್ಚು ಒಂದು ತಿಂಗಳು ಮಾಡಿದ್ದಕ್ಕೇ ಆರಿತು. ಆದರೆ ನಿನಗೋಸ್ಕರ ಒಬ್ಬ ಅಪ್ಪ ಮೊದಲು ನೋಡಿಯೂ ಸುಮ್ಮನಿದ್ದ, ಆಮೇಲೆ ನಾಲ್ಕು ಮಂದಿಯ ಮುಂದೆ ನೋಡದ್ದನ್ನು ನೋಡಿದೆ ಎಂದ. ಆ ಹೊಟ್ಟೆಕಿಚ್ಚಿಗೆ ಏನು ಮಾಡಲಿ, ಹೇಳು.

ಸಾರಿಕಾ